ನೂರಕ್ಕೆ 95 ಸಾಲದು: ಇಂಗ್ಲಿಷ್ ಓದಿನ ಅಭ್ಯಾಸ ಎಲ್ಲಿ ಎಡವುತ್ತದೆ

ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವ ವಯಸ್ಕರಿಗೆ ಓದುವುದನ್ನು ಕಲಿಸುವುದು ನನ್ನ ವೃತ್ತಿ. ಹೊಸದಾಗಿ ಬರುವವರಲ್ಲಿ ಬಹಳಷ್ಟು ಜನ ಎರಡು ಸಾಮಗ್ರಿಗಳೊಂದಿಗೆ ಬರುತ್ತಾರೆ: ಸಾಲುಸಾಲಿನ ಮೇಲೂ ಪೆನ್ಸಿಲಿನಿಂದ ಅರ್ಥ ಬರೆದು ತುಂಬಿಸಿದ ಒಂದು ಇಂಗ್ಲಿಷ್ ಪುಸ್ತಕ, ಮತ್ತು ಎಡಗಡೆ ಇಂಗ್ಲಿಷ್ ಪದ, ಬಲಗಡೆ ಅದರ ಅರ್ಥ ಎಂದು ಗೆರೆ ಎಳೆದು ಬರೆದ ಒಂದು ನೋಟ್‌ಬುಕ್. ಪುಸ್ತಕದಲ್ಲಿ ಪೆನ್ಸಿಲಿನ ಗುರುತುಗಳು ಸಾಮಾನ್ಯವಾಗಿ ಎರಡನೆಯ ಅಧ್ಯಾಯದ ನಡುವೆ ಎಲ್ಲೋ ನಿಂತುಹೋಗಿರುತ್ತವೆ. ನೋಟ್‌ಬುಕ್ಕಿನ ಮೊದಲ ಪುಟದಿಂದ ಹತ್ತು ಪದ ಕೇಳಿದರೆ ಮೂರಕ್ಕೋ ನಾಲ್ಕಕ್ಕೋ ಉತ್ತರ ಬರುತ್ತದೆ. ಆಮೇಲೆ ಅವರು ತಲೆ ತಗ್ಗಿಸಿ, ತಮಗೆ ಜ್ಞಾಪಕಶಕ್ತಿ ಕಡಿಮೆ ಎನ್ನುತ್ತಾರೆ. ಇಷ್ಟು ಶ್ರಮಪಟ್ಟವರ ಬಾಯಿಂದ ಈ ಮಾತು ಕೇಳುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ಏಕೆಂದರೆ ಅವರ ಜ್ಞಾಪಕಶಕ್ತಿಯಲ್ಲಿ ಯಾವ ಕೊರತೆಯನ್ನೂ ನಾನು ಕಂಡಿಲ್ಲ. ಅವರು ಆರಿಸಿಕೊಂಡ ಪುಸ್ತಕ ಅವರ ಮಟ್ಟಕ್ಕಿಂತ ಬಹಳ ಮೇಲಿದೆ, ಅಷ್ಟೆ.

ಇದನ್ನು ಹೇಳಿದಾಗ ಬರುವ ಉತ್ತರ ಬಹುತೇಕ ಒಂದೇ ಆಗಿರುತ್ತದೆ: ‘ಹಾಗೇನಿಲ್ಲ, ಇದರಲ್ಲಿ ನೂರಕ್ಕೆ ತೊಂಬತ್ತೈದು ಪದ ನನಗೆ ಗೊತ್ತಿವೆ.’ ಪರೀಕ್ಷೆಗಳಲ್ಲಿ ಬೆಳೆದ ನಮ್ಮ ಮನಸ್ಸಿಗೆ 95 ಎನ್ನುವುದು ಬಹಳ ದೊಡ್ಡ ಅಂಕ. ಆದರೆ ಓದಿನಲ್ಲಿ ಈ ಲೆಕ್ಕಕ್ಕೆ ಬೇರೆಯೇ ಅರ್ಥವಿದೆ, ಮತ್ತು ಈ ಒಂದು ವಿಷಯವನ್ನು ನಾನು ಸಾವಧಾನವಾಗಿ ವಿವರಿಸಲೇಬೇಕು.

ಒಂದು ಸಾಧಾರಣ ಪುಟದಲ್ಲಿ ಮುನ್ನೂರು ಪದಗಳಿವೆ ಎಂದಿಟ್ಟುಕೊಳ್ಳಿ. ನೂರಕ್ಕೆ 95 ಗೊತ್ತಿದ್ದರೆ ಆ ಪುಟದಲ್ಲಿ ಹದಿನೈದು ಪದಗಳು ಗೊತ್ತಿಲ್ಲ ಎಂದಾಯಿತು; ಅಂದರೆ ಹೆಚ್ಚುಕಡಿಮೆ ಎರಡು ಸಾಲಿಗೊಮ್ಮೆ ಒಂದು ಅಡೆತಡೆ. ಗೊತ್ತಿರುವ 285 ಪದಗಳಲ್ಲಿ ದೊಡ್ಡ ಪಾಲು ಯಾವುದು ಎಂದು ನೋಡಿದರೆ ಪರಿಸ್ಥಿತಿ ಇನ್ನೂ ಸ್ಪಷ್ಟವಾಗುತ್ತದೆ. ‘ದಿ’, ‘ಆಫ್’, ‘ಆ್ಯಂಡ್’, ‘ಟು’, ‘ಇನ್’ ಮುಂತಾದ ಚಿಕ್ಕ ಪದಗಳೇ ಯಾವ ಇಂಗ್ಲಿಷ್ ಬರಹದಲ್ಲಾದರೂ ಬಹಳಷ್ಟು ಜಾಗ ತುಂಬಿರುತ್ತವೆ. ‘ದಿ’ ಒಂದೇ ಪದ ನೂರಕ್ಕೆ ಆರೇಳು ಬಾರಿ ಬರುತ್ತದೆ. ಅವು ವಾಕ್ಯವನ್ನು ಜೋಡಿಸುತ್ತವೆ, ಆದರೆ ಸಂಗತಿಯನ್ನು ಹೇಳುವುದಿಲ್ಲ. ಗೊತ್ತಿಲ್ಲದ ಹದಿನೈದು ಪದಗಳಾದರೋ ಹೆಚ್ಚಾಗಿ ಸಂಗತಿಯನ್ನು ಹೊತ್ತ ನಾಮಪದಗಳು, ಕ್ರಿಯಾಪದಗಳು ಮತ್ತು ವಿಶೇಷಣಗಳು. ಹಾಗಾಗಿ ಲೆಕ್ಕದಲ್ಲಿ ಶೇಕಡಾ 5 ಎಂದು ಕಾಣುವ ನಷ್ಟವು ಅರ್ಥದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿರುತ್ತದೆ.

ಇದು ನನ್ನೊಬ್ಬನ ಅನುಭವದ ಮಾತಲ್ಲ. 2000ನೇ ಇಸವಿಯಲ್ಲಿ ಹು ಮತ್ತು ಪಾಲ್ ನೇಶನ್ ಎಂಬ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನವಿದೆ. ಒಂದು ಕಥೆಯ ಕೆಲವು ಪದಗಳನ್ನು ತೆಗೆದು ಅವುಗಳ ಜಾಗದಲ್ಲಿ ಅರ್ಥವಿಲ್ಲದ ಕೃತಕ ಪದಗಳನ್ನಿಟ್ಟು, ಕಲಿಯುವವರಿಗೆ ಪಠ್ಯದ ಶೇಕಡಾ 80, 90, 95 ಮತ್ತು 100 ಭಾಗ ಗೊತ್ತಿರುವಂತೆ ನಾಲ್ಕು ಆವೃತ್ತಿಗಳನ್ನು ಅವರು ಸಿದ್ಧಪಡಿಸಿದರು. 80ರ ಆವೃತ್ತಿಯನ್ನು ಓದಿದವರಲ್ಲಿ ಒಬ್ಬರಿಗೂ ಕಥೆ ಸಾಕಷ್ಟು ಅರ್ಥವಾಗಲಿಲ್ಲ. 95ರಲ್ಲಿ ಕೆಲವರಿಗೆ ಅರ್ಥವಾಯಿತು, ಆದರೆ ಹೆಚ್ಚಿನವರಿಗೆ ಆಗಲಿಲ್ಲ. ಬೇರೆಯವರ ನೆರವಿಲ್ಲದೆ ಕಥೆಯನ್ನು ಸಂತೋಷದಿಂದ ಓದಲು ಸುಮಾರು ಶೇಕಡಾ 98ರಷ್ಟು ಪದಗಳು ಗೊತ್ತಿರಬೇಕಾಗುತ್ತದೆ ಎಂಬುದು ಅವರ ಅಂದಾಜು. ವಿಷಯದ ಪರಿಚಯ ಮೊದಲೇ ಇದ್ದವರಿಗೆ ಇದಕ್ಕಿಂತ ಸ್ವಲ್ಪ ಕಡಿಮೆಯೂ ಸಾಕಾಗಬಹುದು. ವೈದ್ಯರೊಬ್ಬರು ತಮ್ಮ ಕ್ಷೇತ್ರದ ಲೇಖನವನ್ನು ಓದುವುದಕ್ಕೂ ಅವರೇ ಒಂದು ಕಾದಂಬರಿಯನ್ನು ಓದುವುದಕ್ಕೂ ವ್ಯತ್ಯಾಸವಿದೆ. ಆದ್ದರಿಂದ 98 ಎನ್ನುವುದನ್ನು ಕಟ್ಟುನಿಟ್ಟಿನ ನಿಯಮವೆಂದು ತೆಗೆದುಕೊಳ್ಳಬೇಡಿ. ಆದರೆ 95 ಮತ್ತು 98ರ ನಡುವೆ ಇರುವುದು ಬರೀ ಮೂರು ಅಂಕಗಳ ಅಂತರ ಎಂದು ಮಾತ್ರ ದಯವಿಟ್ಟು ತಿಳಿಯಬೇಡಿ. ಮೊದಲನೆಯದರಲ್ಲಿ ಇಪ್ಪತ್ತು ಪದಕ್ಕೊಂದು ಅಪರಿಚಿತ ಪದ ಎದುರಾಗುತ್ತದೆ, ಎರಡನೆಯದರಲ್ಲಿ ಐವತ್ತಕ್ಕೊಂದು.

ಐವತ್ತಕ್ಕೊಂದು ಎಂಬ ಪ್ರಮಾಣ ಹೊಸದೇನೂ ಅಲ್ಲ. ಬಂಗಾಳದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕಲ್ ವೆಸ್ಟ್ 1926ರಷ್ಟು ಹಿಂದೆಯೇ ಹೆಚ್ಚುಕಡಿಮೆ ಇದೇ ಪ್ರಮಾಣವನ್ನು ಸೂಚಿಸಿದ್ದರು. ಆಗಿನ ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಹೊಸ ಪದಗಳು ಒಂದರ ಹಿಂದೊಂದು ಬಂದು ಬೀಳುತ್ತಿದ್ದವು, ಒಮ್ಮೆ ಬಂದ ಪದ ಮತ್ತೆ ಕಾಣಿಸಿಕೊಳ್ಳುತ್ತಿರಲಿಲ್ಲ, ಮೇಲಾಗಿ ಅವುಗಳಲ್ಲಿ ಹಲವು ಬಳಕೆಯಿಂದ ಹೊರಗಾದ ಪದಗಳಾಗಿದ್ದವು. ವೆಸ್ಟ್ ಅಪರೂಪದ ಪದಗಳ ಜಾಗದಲ್ಲಿ ಬಳಕೆಯ ಪದಗಳನ್ನಿಟ್ಟರು, ಹೊಸ ಪದಗಳನ್ನು ದೂರದೂರಕ್ಕೆ ಹರಡಿದರು ಮತ್ತು ಬಂದ ಪದ ಮತ್ತೆಮತ್ತೆ ಬರುವಂತೆ ಕಥೆಗಳನ್ನು ತಿದ್ದಿ ಬರೆದರು. ಇಂದು ಗ್ರೇಡೆಡ್ ರೀಡರ್ ಎಂಬ ಹೆಸರಿನಲ್ಲಿ ಮಟ್ಟಮಟ್ಟವಾಗಿ ಸಿಗುವ ಸರಳ ಪುಸ್ತಕಗಳ ಪರಂಪರೆ ಬೆಳೆದುಬಂದದ್ದು ಇಂಥ ಕೆಲಸದಿಂದಲೇ. ಒಂದು ಶತಮಾನದ ಹಿಂದೆ ಗುರುತಿಸಿದ ರೋಗವನ್ನು ಇಂದಿನ ಕಲಿಕಾರ್ಥಿಗಳು ತಾವಾಗಿ ಹುಡುಕಿಕೊಂಡು ಹೋಗಿ ತಂದುಕೊಳ್ಳುತ್ತಿದ್ದಾರೆ ಎನ್ನುವುದೇ ನನ್ನ ಅಸಮಾಧಾನ.

ಗೊತ್ತಿಲ್ಲದ ಪದದ ಅರ್ಥವನ್ನು ಸಂದರ್ಭದಿಂದ ಊಹಿಸಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಒಳ್ಳೆಯ ಸಲಹೆ, ಆದರೆ ಅರ್ಧ ಸಲಹೆ. ಊಹೆಗೆ ಆಧಾರವಾಗುವುದು ಸುತ್ತಲಿನ ಪದಗಳು. ಆ ಪದಗಳೇ ಅಸ್ಪಷ್ಟವಾಗಿದ್ದರೆ ಊಹೆ ನಿಲ್ಲುವುದಾದರೂ ಯಾವುದರ ಮೇಲೆ? ಐವತ್ತು ಪದಗಳ ನಡುವೆ ಒಂದು ಮಾತ್ರ ಹೊಸದಾಗಿದ್ದಾಗ ಊಹೆ ಹಲವು ಬಾರಿ ಸರಿಯಾದ ದಿಕ್ಕಿನಲ್ಲಿ ಸಾಗುತ್ತದೆ, ಪೂರ್ತಿ ಸರಿಯಾಗದಿದ್ದರೂ ಮುಂದಿನ ಸಲ ಆ ಪದ ಬಂದಾಗ ತಿದ್ದಿಕೊಳ್ಳುತ್ತದೆ. ಒಂದೇ ವಾಕ್ಯದಲ್ಲಿ ಎರಡು ಮೂರು ಪದಗಳು ಗೊತ್ತಿಲ್ಲದಾಗ ಓದುಗರು ತಮ್ಮದೇ ಒಂದು ಕಥೆಯನ್ನು ಕಟ್ಟಿಕೊಳ್ಳುತ್ತಾರೆ. ಬಹಳ ಜಾಣೆಯಾದ ಒಬ್ಬ ಎಂಜಿನಿಯರ್ ಪತ್ತೇದಾರಿ ಕಾದಂಬರಿಯೊಂದನ್ನು ಊಹೆಯಿಂದಲೇ ಓದಿ ಮುಗಿಸಿ ಅದರ ಸಾರಾಂಶವನ್ನು ನನಗೆ ಉತ್ಸಾಹದಿಂದ ಹೇಳಿದ್ದರು. ಅವರು ಹೇಳಿದ ಕಥೆಯಲ್ಲಿ ಕೊಲೆಯಾದವನೇ ಕೊನೆಯಲ್ಲಿ ಸಿಕ್ಕಿಬಿದ್ದಿದ್ದ. ಅವರ ಬುದ್ಧಿವಂತಿಕೆಯ ಬಗ್ಗೆ ನನಗೆ ಅಂದೂ ಗೌರವವಿತ್ತು, ಇಂದೂ ಇದೆ. ಎರಡು ಮಟ್ಟ ಕೆಳಗಿನ ಪುಸ್ತಕವನ್ನು ಕೊಟ್ಟಾಗ ಅದೇ ವ್ಯಕ್ತಿ ಪಾತ್ರವೊಂದರ ಮಾತಿನಲ್ಲಿ ಅಡಗಿದ್ದ ಸುಳ್ಳನ್ನು ನನಗಿಂತ ಮೊದಲೇ ಹಿಡಿದರು.

ಹಾಗಾದರೆ ಪುಸ್ತಕವನ್ನು ಅಳೆಯುವುದು ಹೇಗೆ? ನಡುವಿನ ಯಾವುದಾದರೂ ಪುಟವನ್ನು ತೆರೆದು, ನೂರು ಪದಗಳನ್ನು ಎಣಿಸಿ, ಗೊತ್ತಿಲ್ಲದವನ್ನು ಗುರುತು ಮಾಡಿ. ಮೊದಲ ಪುಟವನ್ನು ಇದಕ್ಕೆ ಬಳಸಬೇಡಿ, ಅಲ್ಲಿ ವರ್ಣನೆ ಹೆಚ್ಚಿರುವ ಸಾಧ್ಯತೆ ಇದೆ. ಇಂಥ ಮೂರು ನಾಲ್ಕು ಕಡೆ ನೋಡಿದಾಗ ನೂರಕ್ಕೆ ಎರಡಕ್ಕಿಂತ ಹೆಚ್ಚು ಸಿಗದಿದ್ದರೆ ಆ ಪುಸ್ತಕ ನಿಮ್ಮದು. ವ್ಯಕ್ತಿಗಳ ಮತ್ತು ಊರುಗಳ ಹೆಸರುಗಳನ್ನು ಅಪರಿಚಿತ ಪದವೆಂದು ಎಣಿಸಬೇಕಾಗಿಲ್ಲ. ಆದರೆ ಪರಿಚಿತ ಪದಗಳಿಂದಲೇ ಆದ ಅಪರಿಚಿತ ನುಡಿಗಟ್ಟುಗಳನ್ನು ತಪ್ಪದೆ ಎಣಿಸಬೇಕು. ‘ಪುಟ್’, ‘ಅಪ್’, ‘ವಿತ್’ ಮೂರೂ ಗೊತ್ತಿದ್ದವರಿಗೆ ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು ಎಂದು ಗೊತ್ತಿರಲೇಬೇಕೆಂದಿಲ್ಲ. ‘ಎಲ್ಲ ಪದವೂ ಗೊತ್ತು, ವಾಕ್ಯ ಮಾತ್ರ ಅರ್ಥವಾಗಲಿಲ್ಲ’ ಎನ್ನುವ ದೂರು ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಇಂಥ ನುಡಿಗಟ್ಟುಗಳನ್ನೇ.

ಸುಲಭದ ಪುಸ್ತಕ ಎಂದ ಕೂಡಲೇ ಹಲವರ ಮುಖ ಬಾಡುತ್ತದೆ. ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿರುವವರಿಗೆ, ತಮ್ಮ ಭಾಷೆಯಲ್ಲಿ ಗಂಭೀರ ಸಾಹಿತ್ಯ ಓದಿ ಬೆಳೆದವರಿಗೆ, ಸರಳಗೊಳಿಸಿದ ಕಥೆಯನ್ನು ಕೈಗೆತ್ತಿಕೊಳ್ಳುವುದು ಅವಮಾನವೆನಿಸುತ್ತದೆ. ಈ ಸಂಕೋಚವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಂಥವರಿಗೆ ಕಥೆಯ ಬದಲು ತಮ್ಮ ವೃತ್ತಿಗೆ ಹತ್ತಿರವಾದ ಸರಳ ಬರಹಗಳನ್ನೋ, ತಮ್ಮ ಭಾಷೆಯಲ್ಲಿ ಈಗಾಗಲೇ ಓದಿ ಮೆಚ್ಚಿದ ಕೃತಿಯ ಸರಳ ಇಂಗ್ಲಿಷ್ ರೂಪವನ್ನೋ ಸೂಚಿಸುತ್ತೇನೆ. ಆದರೆ ಮಟ್ಟದ ವಿಷಯದಲ್ಲಿ ರಿಯಾಯಿತಿ ಕೊಡುವುದಿಲ್ಲ. ಫಿಜಿಯ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ನಡೆಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸಕ್ತಿ ಹುಟ್ಟಿಸುವ ಇಂಗ್ಲಿಷ್ ಕಥೆಪುಸ್ತಕಗಳನ್ನು ಹೇರಳವಾಗಿ ಕೊಟ್ಟ ಮಕ್ಕಳು, ಎಂದಿನ ಪಾಠಕ್ರಮದಲ್ಲಿದ್ದ ಮಕ್ಕಳಿಗಿಂತ ಓದಿನಲ್ಲೂ ಕೇಳಿ ಅರ್ಥಮಾಡಿಕೊಳ್ಳುವುದರಲ್ಲೂ ಸ್ಪಷ್ಟವಾಗಿ ಮುಂದೆ ಹೋದರು. ಮಕ್ಕಳಿಗೆ ಆದದ್ದು ವಯಸ್ಕರಿಗೂ ಅಷ್ಟೇ ವೇಗದಲ್ಲಿ ಆಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಆದರೂ ಹೇರಳವಾದ ಓದು ಸಾಧ್ಯವಾಗುವುದು ಸರಾಗವಾಗಿ ಓದಲು ಬರುವ ಪುಸ್ತಕದಲ್ಲಿ ಮಾತ್ರ ಎಂಬುದು ಇಬ್ಬರಿಗೂ ಸಮಾನ.

ವೇಗದ ಪ್ರಶ್ನೆಯೂ ಇದರೊಂದಿಗೇ ಬರುತ್ತದೆ. ಇಂಗ್ಲಿಷ್ ಮಾತೃಭಾಷೆಯಾಗಿರುವ ವಯಸ್ಕರು ಮನಸ್ಸಿನಲ್ಲೇ ಓದಿಕೊಳ್ಳುವಾಗ ನಿಮಿಷಕ್ಕೆ ಸರಾಸರಿ 240 ಪದಗಳ ಆಸುಪಾಸಿನಲ್ಲಿರುತ್ತಾರೆ. ಕಲಿಯುವವರು ಅಲ್ಲಿಗೆ ತಲುಪಬೇಕಾದ ಅಗತ್ಯವೇನೂ ಇಲ್ಲ. ಆದರೆ ಸಾಲಿಗೊಮ್ಮೆ ನಿಂತು ಮೊಬೈಲಿನಲ್ಲಿ ಅರ್ಥ ಹುಡುಕುವವರು ವಾಕ್ಯದ ಕೊನೆಗೆ ಬರುವ ಹೊತ್ತಿಗೆ ಅದರ ಆರಂಭವನ್ನು ಮರೆತಿರುತ್ತಾರೆ, ಮತ್ತೆ ಮೊದಲಿನಿಂದ ಓದುತ್ತಾರೆ, ದಣಿಯುತ್ತಾರೆ. ಒಂದು ಗಂಟೆಯ ಕೊನೆಯಲ್ಲಿ ಅವರು ಓದಿದ್ದು ಎರಡು ಪುಟ. ಅದೇ ಒಂದು ಗಂಟೆಯಲ್ಲಿ ತಮ್ಮ ಮಟ್ಟದ ಪುಸ್ತಕದ ಇಪ್ಪತ್ತು ಪುಟಗಳನ್ನು ಓದಿದವರಿಗೆ ಬಳಕೆಯ ಪದಗಳು ಎಷ್ಟು ಬಾರಿ ಎದುರಾಗಿರುತ್ತವೆ ಎಂಬುದನ್ನು ಯೋಚಿಸಿ. ಪದವೊಂದು ಮನಸ್ಸಿನಲ್ಲಿ ನೆಲೆಗೊಳ್ಳಲು ಅದನ್ನು ಬೇರೆಬೇರೆ ವಾಕ್ಯಗಳಲ್ಲಿ ಹಲವು ಬಾರಿ ಕಾಣಬೇಕು. ಎಷ್ಟು ಬಾರಿ ಎನ್ನುವುದು ಪದದಿಂದ ಪದಕ್ಕೆ, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ.

ಪದಪಟ್ಟಿಯ ನೋಟ್‌ಬುಕ್ಕನ್ನು ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಉದ್ದೇಶಪೂರ್ವಕವಾಗಿ ಪದ ಕಲಿಯುವುದಕ್ಕೆ ತನ್ನದೇ ಸ್ಥಾನವಿದೆ, ಮುಖ್ಯವಾಗಿ ಆರಂಭದಲ್ಲಿ. ವೆಸ್ಟ್ ಅವರೇ 1953ರಲ್ಲಿ ಸುಮಾರು 2,000 ಮುಖ್ಯ ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದ್ದಾರೆ; ಆ ಪದಗಳು ತಮ್ಮ ರೂಪಾಂತರಗಳೊಡನೆ ಸಾಮಾನ್ಯ ಬರಹದ ಸುಮಾರು ಶೇಕಡಾ 80 ಭಾಗವನ್ನು ತುಂಬುತ್ತವೆ. ವಿಶ್ವವಿದ್ಯಾಲಯದ ಓದಿಗೆ ಹೊರಟವರಿಗೆ ಎವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಸಿದ್ಧಪಡಿಸಿದ 570 ಪದಕುಟುಂಬಗಳ (ಒಂದು ಮೂಲಪದ ಮತ್ತು ಅದರ ರೂಪಾಂತರಗಳು ಸೇರಿದ ಗುಂಪುಗಳ) ಪಟ್ಟಿ ಇದೆ. ಶೈಕ್ಷಣಿಕ ಬರಹಗಳಲ್ಲಿ ಅವುಗಳ ಪಾಲು ಶೇಕಡಾ 10ರ ಸಮೀಪದ್ದು. ಇವುಗಳಲ್ಲಿ ಗೊತ್ತಿಲ್ಲದ ಪದಗಳನ್ನು ಚೀಟಿಗಳಲ್ಲಿ ಬರೆದು, ಅರ್ಥವನ್ನು ಹಿಂಬದಿಗಿಟ್ಟು, ನೋಡುವ ಮೊದಲು ನೆನಪಿಸಿಕೊಳ್ಳಲು ಪ್ರಯತ್ನಿಸಿ, ಮರುದಿನ, ನಾಲ್ಕು ದಿನ ಬಿಟ್ಟು, ಹದಿನೈದು ದಿನ ಬಿಟ್ಟು ಹೀಗೆ ಅಂತರ ಹೆಚ್ಚಿಸುತ್ತ ಮತ್ತೆ ನೋಡುವವರಿಗೆ ಒಳ್ಳೆಯ ಫಲ ಸಿಗುತ್ತದೆ. ಅರ್ಥವನ್ನು ತಮ್ಮ ಭಾಷೆಯಲ್ಲಿ ಬರೆದುಕೊಂಡರೆ ದೋಷವೇನೂ ಇಲ್ಲ. ನನ್ನ ಆಕ್ಷೇಪ ಇರುವುದು ಕಾದಂಬರಿಯ ಒಂದು ಪುಟದಲ್ಲಿ ಒಮ್ಮೆ ಕಂಡು ಮುಂದೆ ವರ್ಷಗಟ್ಟಲೆ ಎದುರಾಗದ ಪದವನ್ನು, ಹಡಗಿನ ಹಗ್ಗದ ಹೆಸರನ್ನೋ ಯಾವುದೋ ಹಳೆಯ ಉಡುಪಿನ ಹೆಸರನ್ನೋ, ಬಳಕೆಯ ಪದದಷ್ಟೇ ಶ್ರದ್ಧೆಯಿಂದ ಬರೆದು ಬಾಯಿಪಾಠ ಮಾಡುವುದರ ಬಗ್ಗೆ. ಓದುವಾಗ ಎರಡು ಮೂರು ಬಾರಿ ಎದುರಾಗಿ ನಿಮ್ಮನ್ನು ತಡೆದ ಪದವನ್ನು ಮಾತ್ರ, ಓದು ಮುಗಿದ ಮೇಲೆ, ಅದು ಬಂದ ಇಡೀ ವಾಕ್ಯದೊಂದಿಗೆ ಬರೆದುಕೊಳ್ಳಿ.

ನಿಘಂಟಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕಲಿಯುವವರಿಗಾಗಿಯೇ ಮಾಡಿದ ನಿಘಂಟುಗಳಿವೆ; 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ತನ್ನ ವಿವರಣೆಗಳನ್ನು ಸುಮಾರು 2,000 ಪದಗಳ ಮಿತಿಯೊಳಗೇ ಬರೆಯಿತು. ಆ 2,000 ಪದಗಳು ಕೈವಶವಾದ ಮೇಲೆ ಇಂಗ್ಲಿಷಿನಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಯವರೆಗೆ ದ್ವಿಭಾಷಾ ನಿಘಂಟೇ ಸಾಕು.

ಕೊನೆಗೆ, ಪರೀಕ್ಷೆ ಹತ್ತಿರವಿದೆ ಎನ್ನುವವರಿಗೆ. ವಿದೇಶದಲ್ಲಿ ಓದಲು ಅಥವಾ ನೆಲೆಸಲು ಹೊರಟವರು ಬರೆಯುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಓದಿನ ವಿಭಾಗದಲ್ಲಿ 60 ನಿಮಿಷಕ್ಕೆ 40 ಪ್ರಶ್ನೆಗಳಿರುತ್ತವೆ, ಉನ್ನತ ಶಿಕ್ಷಣಕ್ಕೆ ಹೊರಟವರಿಗಾಗಿ ಇರುವ ಅದರ ಅಕಾಡೆಮಿಕ್ ಮಾದರಿಯಲ್ಲಿ ಮೂರು ದೀರ್ಘ ಪಠ್ಯಗಳಿರುತ್ತವೆ. ಇದಕ್ಕೆ ಸಿದ್ಧರಾಗುವವರು ಮಾದರಿ ಪ್ರಶ್ನೆಪತ್ರಿಕೆಗಳನ್ನು ಒಂದಾದ ಮೇಲೊಂದು ಬಿಡಿಸುತ್ತ ಹೋಗುತ್ತಾರೆ, ಅಂಕ ಏರದಿದ್ದಾಗ ಇನ್ನಷ್ಟು ಬಿಡಿಸುತ್ತಾರೆ. ಪ್ರಶ್ನೆಗಳ ಸ್ವರೂಪವನ್ನೂ ಸಮಯದ ಹಂಚಿಕೆಯನ್ನೂ ತಿಳಿಯಲು ಕೆಲವು ಪತ್ರಿಕೆಗಳು ಸಾಕಾಗುತ್ತವೆ, ಅದರಾಚೆಗೆ ಅವು ನಿಮ್ಮ ಮಟ್ಟವನ್ನು ತೋರಿಸುತ್ತವೆಯೇ ಹೊರತು ಅದನ್ನು ಮೇಲೆತ್ತುವುದಿಲ್ಲ. ಮೂರು ತಿಂಗಳು ಉಳಿದಿದ್ದರೆ ಎರಡು ವಾರಕ್ಕೊಮ್ಮೆ ಒಂದು ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ, ಉಳಿದ ದಿನಗಳಲ್ಲಿ ಪ್ರತಿದಿನ ಅರ್ಧ ಗಂಟೆಯಾದರೂ ನೂರಕ್ಕೆ ಎರಡರ ಲೆಕ್ಕಕ್ಕೆ ಹೊಂದುವ ಬರಹವನ್ನು ಓದಿ, ಹದಿನೈದು ನಿಮಿಷ ಚೀಟಿಗಳಿಗೆ ಕೊಡಿ. ಮೂರು ತಿಂಗಳಲ್ಲಿ ಎಷ್ಟು ಅಂಕ ಹೆಚ್ಚಾಗುತ್ತದೆ ಎಂದು ಕೇಳಿದರೆ, ನಿಮ್ಮ ಈಗಿನ ಮಟ್ಟವನ್ನು ನೋಡದೆ ನಾನು ಉತ್ತರ ಕೊಡಲಾರೆ; ನೋಡದೆಯೇ ಉತ್ತರ ಕೊಡುವವರನ್ನು ನಂಬಬೇಡಿ. ಒಂದೇ ವಾರ ಉಳಿದಿದ್ದರೆ ಹೊಸ ಪುಸ್ತಕವನ್ನು ತೆರೆಯದೆ, ಈಗಾಗಲೇ ಬಿಡಿಸಿದ ಪತ್ರಿಕೆಗಳಲ್ಲಿ ತಪ್ಪಾದ ಉತ್ತರಗಳ ಬಳಿಗೆ ಹಿಂತಿರುಗಿ, ಪ್ರತಿಯೊಂದರಲ್ಲೂ ತಪ್ಪಿಗೆ ಕಾರಣ ಗೊತ್ತಿಲ್ಲದ ಪದವೋ, ತಪ್ಪಾಗಿ ಊಹಿಸಿದ ಪದವೋ, ಅವಸರವೋ ಎಂದು ಪಕ್ಕದಲ್ಲಿ ಬರೆದುಕೊಳ್ಳಿ.