ಎಸ್ ಬಂದ ಕಡೆಯೆಲ್ಲ ಮೇಲೊಂದು ಕಾಮಾ ಹಾಕಬೇಕಾ?

ಪ್ರಶ್ನೆ: ದಾವಣಗೆರೆಯಲ್ಲಿ ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ. ಹೋಟೆಲಿನವರು "ಬೆಣ್ಣೆ ದೋಸಾ’ಸ್" ಅಂತ ಇಂಗ್ಲಿಷಿನಲ್ಲಿ ಬರೆದುಕೊಂಡು ಬರುತ್ತಾರೆ, ಪಿಜಿಯವರು "ಬಾಯ್’ಸ್ ಹಾಸ್ಟೆಲ್" ಅಂತಾರೆ, ಟೈಲರ್ ಅಂಗಡಿಯವರು "ಲೇಡೀ’ಸ್" ಅಂತಾರೆ. ಎಸ್ ಹಿಂದೆ ಈ ಗುರುತು ಯಾವಾಗ ಹಾಕಬೇಕು?

ಉತ್ತರ: ಎಲ್ಲ ಕಡೆ ಬೇಡ. ಈ ಗುರುತಿಗೆ ಅಪಾಸ್ಟ್ರಫಿ ಅಂತಾರೆ. ಒಂದು ಇದ್ದದ್ದನ್ನು ಹಲವು ಮಾಡುವುದು ಇದರ ಕೆಲಸವೇ ಅಲ್ಲ. ದೋಸೆಗಳು ಅನ್ನಬೇಕಾದರೆ "ದೋಸಾಸ್", ಎಸ್ ಸೇರಿಸಿದರೆ ಮುಗಿಯಿತು. ಇದು ನಮ್ಮವರಷ್ಟೇ ಮಾಡುವ ತಪ್ಪಲ್ಲ. ಇಂಗ್ಲೆಂಡಿನ ತರಕಾರಿ ಅಂಗಡಿಗಳ ಬೋರ್ಡುಗಳಲ್ಲಿ ಇದು ಎಷ್ಟು ಜಾಸ್ತಿ ಅಂದರೆ, ಅಲ್ಲಿ ಇದಕ್ಕೆ ತರಕಾರಿಯವರ ಅಪಾಸ್ಟ್ರಫಿ ಅಂತಲೇ ಹೆಸರು ಬಿದ್ದಿದೆ.

ಬೋರ್ಡಿಗೆ ಬರೆಯೋ ಮುಂಚೆ ಅದನ್ನು ಒಮ್ಮೆ ಕನ್ನಡದಲ್ಲಿ ಹೇಳಿ ನೋಡಿ. "ಗಳು" ಬಂದರೆ ಗುರುತು ಬೇಡ. ಯಾರದು ಅನ್ನೋ ಪ್ರಶ್ನೆಗೆ ಉತ್ತರವಾಗಿ ಬಂದರೆ ಬೇಕು, ಮತ್ತು ಅದನ್ನು ಎಲ್ಲಿ ಇಡಬೇಕು ಅನ್ನೋದೂ ಅಲ್ಲೇ ತಿಳಿಯುತ್ತದೆ. ಹುಡುಗನ ಅಂದರೆ "ಬಾಯ್’ಸ್", ಹುಡುಗರ ಅಂದರೆ "ಬಾಯ್ಸ್’". ಮೊದಲು ಬಾಯ್ಸ್ ಅಂತ ಪದ ಪೂರ್ತಿ ಬರೆದು, ಎಸ್ ಆದಮೇಲೆ ಗುರುತು ಹಾಕಬೇಕು. ಎಸ್‌ಗೆ ಮುಂಚೆ ಹಾಕಿದರೆ ಅದು ಒಬ್ಬನೇ ಹುಡುಗನ ಹಾಸ್ಟೆಲ್! ಬೋರ್ಡಿನಲ್ಲಿ ಗುರುತನ್ನೇ ಬಿಟ್ಟು ಬರೆಯುವುದೂ ಈಗ ನಡೆಯುತ್ತದೆ, ಅದನ್ನು ಹೆಚ್ಚಿನವರು ತಪ್ಪು ಅನ್ನುವುದಿಲ್ಲ.

ಲೇಡೀಸ್ ಟೈಲರ್ ಬೋರ್ಡಿನ ತಪ್ಪು ಬೇರೆ ಥರದ್ದು. ಲೇಡಿ ಪದದ ಕೊನೆಯ ವೈ ಹೋಗಿ ಐ, ಇ, ಎಸ್ ಬಂದಿದೆ. ಆ ಇ ಮತ್ತು ಎಸ್ ಮಧ್ಯೆ ಗುರುತು ಇಟ್ಟರೆ, ಅದಕ್ಕೆ ಮುಂಚೆ ಉಳಿಯುವುದು ಐ-ಇಯಿಂದ ಮುಗಿಯುವ ಒಂದು ಪದ. ಹಾಗೆ ಬರೆಯುವ ಲೇಡಿ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. "ಲೇಡೀಸ್’" ಅನ್ನಿ, ಇಲ್ಲಾ ಗುರುತು ಬಿಟ್ಟುಬಿಡಿ. ಮೆನ್, ವಿಮೆನ್, ಚಿಲ್ಡ್ರನ್ ಇವು ಎಸ್ ಇಲ್ಲದೆಯೇ ಬಹುವಚನ, ಹಾಗಾಗಿ ಇವಕ್ಕೆ ಗುರುತು ಎಸ್‌ಗೆ ಮುಂಚೆಯೇ ಬರಬೇಕು. ನವೆಂಬರ್ 14ರ ಫ್ಲೆಕ್ಸಿಗೆ "ಚಿಲ್ಡ್ರನ್’ಸ್ ಡೇ", ಸೆಪ್ಟೆಂಬರ್ 5ಕ್ಕೆ "ಟೀಚರ್ಸ್’ ಡೇ". ಆದರೆ "ಮದರ್’ಸ್ ಡೇ" ಏಕವಚನ. ಅಮೆರಿಕದಲ್ಲಿ ಆ ದಿನ ಶುರು ಮಾಡಿಸಿದ ಆನಾ ಜಾರ್ವಿಸ್ ಅದು ಪ್ರತಿಯೊಬ್ಬರೂ ತಮ್ಮ ತಮ್ಮ ಅಮ್ಮನನ್ನು ನೆನೆಯುವ ದಿನ ಆಗಬೇಕು ಅಂತ ಪಟ್ಟು ಹಿಡಿದು ಹಾಗೆ ಬರೆಸಿದರು.

ಈ ಕನ್ನಡ ಪರೀಕ್ಷೆ ಎರಡು ಕಡೆ ಕೈ ಕೊಡುತ್ತದೆ, ಹುಷಾರು. ಒಂದು, ನಮ್ಮ ಮರ್ಯಾದೆಯ ಮಾತು. ಪಾಟೀಲರ ಮನೆ, ಮೇಷ್ಟ್ರ ಪುಸ್ತಕ ಅಂತೀವಲ್ಲ, ಅಲ್ಲಿ ಇರುವುದು ಒಬ್ಬರೇ, ಗೌರವಕ್ಕೆ ಬಹುವಚನ ಅಷ್ಟೇ. ಇಂಗ್ಲಿಷಿಗೆ ಅದು "ಪಾಟೀಲ್’ಸ್", "ಟೀಚರ್’ಸ್". ಪಾಟೀಲರ ಇಡೀ ಕುಟುಂಬ ಅನ್ನಬೇಕಾದರೆ "ದಿ ಪಾಟೀಲ್ಸ್", ಗುರುತೇ ಬೇಡ.

ಇನ್ನೊಂದು "ಇಟ್ಸ್". ಅದರ ಅಂದಾಗ ಗುರುತು ಬೇಕಲ್ವಾ ಅನಿಸುತ್ತದೆ, ಆದರೆ ಬೇಡ. ಹಿಸ್, ಅವರ್ಸ್, ದೇರ್ಸ್ ಯಾವುದಕ್ಕೂ ಇಲ್ಲ, ಇದಕ್ಕೂ ಇಲ್ಲ. "ಇಟ್ ಈಸ್" ಅಥವಾ "ಇಟ್ ಹ್ಯಾಸ್" ಅಂತ ಬಿಡಿಸಿ ಓದಿದರೆ ಅರ್ಥ ಕೂಡುವ ಕಡೆ ಮಾತ್ರ "ಇಟ್’ಸ್". ಸುಮಾರು 200 ವರ್ಷದ ಹಿಂದಿನವರೆಗೂ ಇಂಗ್ಲಿಷಿನವರೇ ಎರಡಕ್ಕೂ ಗುರುತು ಹಾಕುತ್ತಿದ್ದರು, ಹಾಗಾಗಿ ಇಲ್ಲಿ ತಡವರಿಸುವ ಮಕ್ಕಳನ್ನು ಬೈಯಬೇಡಿ.

ಗುರುತಿನ ಮೂಲ ಕೆಲಸವೇ ಅದು, ಇಲ್ಲಿ ಅಕ್ಷರ ಬಿಟ್ಟಿದೆ ಅಂತ ತೋರಿಸುವುದು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. "ಡೋಂಟ್" ಪದದಲ್ಲಿ ಬಿಟ್ಟುಹೋದದ್ದು ಓ. ಯಾರದು ಅನ್ನೋದಕ್ಕೆ ಬರುವ ಗುರುತಿನ ಹಿಂದೆಯೂ ಇದೇ ಕಥೆ. ಹಳೆಯ ಇಂಗ್ಲಿಷಿನಲ್ಲಿ ಅನೇಕ ಪದಗಳಿಗೆ ಅಲ್ಲಿ ಇ-ಎಸ್ ಸೇರುತ್ತಿತ್ತು, ಆ ಇ ಬಿದ್ದುಹೋಗಿ ಗುರುತು ಬಂತು.

ಇಸವಿಗೂ ಇದೇ ಲೆಕ್ಕ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ಆ ಸಾಲಿನ ಹಳೆ ವಿದ್ಯಾರ್ಥಿಗಳ ಕೂಟದ ಬ್ಯಾನರ್ ಬಂದರೆ "’97 ಬ್ಯಾಚ್" ಅಂತ ಹಾಕಿ, 19 ಬಿಟ್ಟಿದೆ ಅಂತ ಅರ್ಥ. ಕಂಪ್ಯೂಟರ್ ಅಲ್ಲಿ ತಾನಾಗಿಯೇ ಕೊಟೇಷನ್ ಶುರುವಾಗುವ ಗುರುತು ಕೂರಿಸಿಬಿಡುತ್ತದೆ. ಅದು 6ರ ಆಕಾರ, ನಮಗೆ ಬೇಕಾದ್ದು 9ರ ಆಕಾರ. ಪ್ರಿಂಟಿಗೆ ಕೊಡುವ ಮುಂಚೆ ನೋಡಿಕೊಳ್ಳಿ.

ಕೊನೆಗೆ ಹೆಸರುಗಳು. ಅಂಗಡಿ ಹೆಸರು ಮಾಲೀಕರ ಇಷ್ಟ. ಮೆಕ್‌ಡೊನಾಲ್ಡ್’ಸ್ ಗುರುತು ಇಟ್ಟುಕೊಂಡಿದೆ, ಬ್ರಿಟನ್ನಿನ ಪುಸ್ತಕದಂಗಡಿಗಳ ಸರಣಿ ವಾಟರ್‌ಸ್ಟೋನ್ಸ್ 2012ರಲ್ಲಿ ತೆಗೆದುಹಾಕಿತು. ಶ್ರೀನಿವಾಸ್, ಸುಹಾಸ್ ಥರ ಎಸ್‌ನಿಂದಲೇ ಮುಗಿಯುವ ಹೆಸರು ಬಂದರೆ ಪೂರ್ತಿ ಹೆಸರು ಬರೆದು, ಆಮೇಲೆ ಗುರುತು ಹಾಕಿ ಇನ್ನೊಂದು ಎಸ್ ಸೇರಿಸಿ, ಅಥವಾ ಗುರುತು ಮಾತ್ರ ಹಾಕಿ. ಎರಡೂ ಸರಿ. ಹೆಸರಿನೊಳಗಿನ ಎಸ್ ಹಿಂದೆ ಗುರುತು ತುರುಕಿ ಶ್ರೀನಿವಾಸರನ್ನು "ಶ್ರೀನಿವಾ" ಮಾತ್ರ ಮಾಡಬೇಡಿ.