ಅಟ್ಟದಿಂದ ಇಳಿಸಿದ ರೌಟರ್‌ನ ಅಡ್ರೆಸ್ ಹುಡುಕಿದ್ದು

ನಮ್ಮ ಮಹಡಿ ಮೇಲಿನ ಕೋಣೆಗೆ ವೈಫೈ ಸರಿಯಾಗಿ ಸಿಗುವುದಿಲ್ಲ. ಮಾವನ ಮನೆ ಅಟ್ಟದಲ್ಲಿ ಒಂದು ಹಳೇ ರೌಟರ್ ಸುಮ್ನೆ ಬಿದ್ದಿತ್ತು. ತಂದು ನೋಡಿದರೆ ಅಡಿಯ ಸ್ಟಿಕ್ಕರ್ ಮಾಸಿಹೋಗಿದೆ. ಯಾವ ಅಡ್ರೆಸ್ ಹಾಕಿದರೆ ಸೆಟ್ಟಿಂಗ್ ಪುಟ ತೆರೆಯುತ್ತದೋ ಗೊತ್ತಿಲ್ಲ. ಮಾವನನ್ನು ಕೇಳಿದರೆ "ಕೇಬಲ್ ಹುಡುಗ ಬಂದು ಏನೋ ಮಾಡಿ ಹೋಗಿದ್ದ ಕಣೋ" ಅಂದರು. ಪರೀಕ್ಷೆಗೆ ಬಾಯಿಪಾಠ ಮಾಡಿದ ಡಿಎಚ್‌ಸಿಪಿ (ಅಡ್ರೆಸ್ ಹಂಚುವ ವ್ಯವಸ್ಥೆ), ಎಆರ್‌ಪಿ (ಯಾವ ಅಡ್ರೆಸ್ ಯಾವ ಸಾಧನದ್ದು ಅಂತ ತಿಳಿಯುವ ವಿಧಾನ), ಸಬ್‌ನೆಟ್ (ಒಂದೇ ಗುಂಪಿನ ಅಡ್ರೆಸ್‌ಗಳು) ಎಲ್ಲವೂ ಆ ಸಂಜೆ ಕೆಲಸಕ್ಕೆ ಬಂದವು.

ಕರೆಂಟ್ ಕೊಡುವ ಮುಂಚೆ

ಅಡಾಪ್ಟರ್ ಕಳೆದುಹೋಗಿದ್ದರೆ ಕೈಗೆ ಸಿಕ್ಕಿದ್ದನ್ನು ಚುಚ್ಚಬೇಡಿ. ಕೆಲವು ರೌಟರ್‌ಗೆ 9 ವೋಲ್ಟ್ ಬೇಕು, ಕೆಲವಕ್ಕೆ 12. ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಸ್ವಲ್ಪ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು.

ಹಿಂದಿನ ಕಿಂಡಿಗಳನ್ನೂ ನೋಡಿಕೊಳ್ಳಿ. ಟೆಲಿಫೋನ್ ವೈರ್ ಸಿಕ್ಕಿಸುವ ಸಣ್ಣ ಕಿಂಡಿ ಇದ್ದರೆ ಅದು ಹೆಚ್ಚಾಗಿ ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಕಾಲದ ಎಡಿಎಸ್‌ಎಲ್ ಮೋಡೆಮ್. ಎಲ್ಲವೂ ದೊಡ್ಡ ಕಿಂಡಿಗಳಾಗಿದ್ದು ಒಂದರ ಬಣ್ಣ ಮಾತ್ರ ಬೇರೆ ಇದ್ದರೆ, ಸಾಮಾನ್ಯವಾಗಿ ಅದು ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ ಕಿಂಡಿ), ಉಳಿದವು ಲ್ಯಾನ್ (ಮನೆಯೊಳಗಿನ ಜಾಲದವು). ನಮಗೆ ಬೇಕಾದ್ದು ಲ್ಯಾನ್.

ಊಹೆಗೂ ಒಂದು ಮಿತಿ ಇದೆ

ಮನೆಯೊಳಗಿನ ಜಾಲಕ್ಕೆ ಅಂತ ಮೂರು ಗುಂಪು ಅಡ್ರೆಸ್‌ಗಳನ್ನು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ದಾಖಲೆ ಮೀಸಲಿಟ್ಟಿದೆ: 10 ರಿಂದ ಶುರುವಾಗುವವು, 172.16 ರಿಂದ 172.31 ರವರೆಗಿನವು, 192.168 ರಿಂದ ಶುರುವಾಗುವವು. ಮನೆ ರೌಟರ್‌ಗಳು ಹೆಚ್ಚಾಗಿ ಕೊನೆಯ ಗುಂಪಿನವು. ಡಿ-ಲಿಂಕ್ ಅಂದರೆ ಸಾಮಾನ್ಯವಾಗಿ 192.168.0.1. ಲಿಂಕ್‌ಸಿಸ್ 192.168.1.1. ಟಿಪಿ-ಲಿಂಕ್‌ನಲ್ಲಿ ಇವೆರಡರಲ್ಲಿ ಒಂದು. ಬೆಲ್ಕಿನ್ 192.168.2.1, ಮೈಕ್ರೋಟಿಕ್ 192.168.88.1, ಆಪಲ್‌ನ ಏರ್‌ಪೋರ್ಟ್ 10.0.1.1.

ಇಷ್ಟನ್ನು ಒಂದೊಂದಾಗಿ ಬ್ರೌಸರ್‌ನಲ್ಲಿ ಹಾಕಿ ನೋಡಬಹುದು. ಆದರೆ 192.168 ಗುಂಪಿನಲ್ಲೇ 65,536 ಅಡ್ರೆಸ್‌ಗಳಿವೆ. ಯಾರಾದರೂ ಬದಲಾಯಿಸಿದ್ದರೆ ಊಹೆ ಮಾಡುತ್ತಾ ಕೂತರೆ ಬೆಳಗಾಗುತ್ತದೆ.

ಇನ್ನೊಂದು ಮಾತು. ಬ್ರೌಸರ್‌ನಲ್ಲಿ 1 ಹಾಕುವ ಜಾಗದಲ್ಲಿ ಇಂಗ್ಲಿಷಿನ 'ಎಲ್' ಅಕ್ಷರ, ಸೊನ್ನೆ ಜಾಗದಲ್ಲಿ 'ಓ' ಹಾಕುವವರು ಬಹಳ ಜನ. ಆಗ ಗೂಗಲ್ ಹುಡುಕಾಟ ತೆರೆಯುತ್ತದೆ, ರೌಟರ್ ಕೆಟ್ಟಿದೆ ಅಂತ ನಾವು ಬೈಯುತ್ತೇವೆ. ಈಗಿನ ಬ್ರೌಸರ್‌ಗಳು ತಾವಾಗಿಯೇ ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕಕ್ಕೆ ಹೋಗಲು ನೋಡುತ್ತವೆ. ಹಳೇ ರೌಟರ್‌ಗಳಲ್ಲಿ ಎಷ್ಟೋ ಅದನ್ನು ಅರಿಯವು. ಹಾಗಾಗಿ ಅಡ್ರೆಸ್‌ನ ಮುಂದೆ ಎಚ್‌ಟಿಟಿಪಿ (http://) ಅಂತ ಪೂರ್ತಿ ಟೈಪ್ ಮಾಡಿ.

ಡಿಎಚ್‌ಸಿಪಿ ಬದುಕಿದ್ದರೆ ಕೆಲಸ ಎರಡು ನಿಮಿಷದ್ದು

ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ. ರೌಟರ್‌ನ ಲ್ಯಾನ್ ಕಿಂಡಿಯಿಂದ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ. ಕೇಳಿದವರಿಗೆ ಅಡ್ರೆಸ್ ಹಂಚುವುದು ಡಿಎಚ್‌ಸಿಪಿ ಕೆಲಸ. ಹಂಚುವಾಗ "ಹೊರಗೆ ಹೋಗಬೇಕಾದರೆ ನನ್ನ ಮೂಲಕ ಹೋಗು" ಅಂತ ರೌಟರ್ ತನ್ನ ಅಡ್ರೆಸ್ಸನ್ನೂ ಹೇಳುತ್ತದೆ. ಅದೇ ಗೇಟ್‌ವೇ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' (ipconfig) ಕೊಟ್ಟರೆ 'ಡೀಫಾಲ್ಟ್ ಗೇಟ್‌ವೇ' ಮುಂದೆ ಕಾಣುತ್ತದೆ. ಲಿನಕ್ಸ್‌ನಲ್ಲಿ 'ಐಪಿ ರೌಟ್' (ip route). ವೈಫೈ ಪಾಸ್‌ವರ್ಡ್ ಗೊತ್ತಿದ್ದರೆ ಕೇಬಲ್ಲೂ ಬೇಡ, ಮೊಬೈಲ್‌ನ ವೈಫೈ ವಿವರದಲ್ಲೇ ಗೇಟ್‌ವೇ ಇರುತ್ತದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಗೇಟ್‌ವೇ ಜಾಗ ಖಾಲಿ. ಅಡ್ರೆಸ್ ಮಾತ್ರ 169.254 ರಿಂದ ಶುರುವಾಗಿತ್ತು. ಇದು ರೌಟರ್ ಕೊಟ್ಟಿದ್ದಲ್ಲ. ಕೇಳಿ ಕೇಳಿ ಯಾರೂ ಉತ್ತರ ಕೊಡದಿದ್ದಾಗ ಕಂಪ್ಯೂಟರ್ ತನಗೆ ತಾನೇ ಇಟ್ಟುಕೊಳ್ಳುವ ಅಡ್ರೆಸ್. ಕೇಬಲ್ ಸರಿ ಇದೆ, ಕಿಂಡಿಯ ದೀಪ ಉರಿಯುತ್ತಿದೆ, ಆದರೂ 169.254 ಬಂತು ಅಂದರೆ ರೌಟರ್‌ನಲ್ಲಿ ಡಿಎಚ್‌ಸಿಪಿಯನ್ನು ಯಾರೋ ಆಫ್ ಮಾಡಿದ್ದಾರೆ ಅಂತ ಅನುಮಾನ ಪಡಬೇಕು.

ಕೇಳುವುದು ಬಿಟ್ಟು ಕಿವಿಗೊಡುವುದು

ನನಗೆ ಜಾಸ್ತಿ ಖುಷಿ ಕೊಟ್ಟ ಭಾಗ ಇದು. ರೌಟರ್ ನಮ್ಮ ಜೊತೆ ಮಾತಾಡದಿದ್ದರೂ ತನ್ನಷ್ಟಕ್ಕೆ ಮಾತಾಡುತ್ತಲೇ ಇರುತ್ತದೆ. ಆನ್ ಆದಾಗ "ಈ ಅಡ್ರೆಸ್ ನನ್ನದು" ಅಂತ ಕೆಲವು ರೌಟರ್‌ಗಳು ಎಆರ್‌ಪಿಯಲ್ಲಿ ಕೂಗಿ ಹೇಳುತ್ತವೆ. ಸಾಧನಗಳು ಒಂದನ್ನೊಂದು ತಾವೇ ಹುಡುಕಿಕೊಳ್ಳುವ ಯುಪಿಎನ್‌ಪಿ ಆನ್ ಇದ್ದರೆ ಆಗಾಗ 239.255.255.250 ಎಂಬ ಗುಂಪು ಅಡ್ರೆಸ್‌ಗೆ ಡಂಗುರ ಸಾರುತ್ತವೆ. ಕಳಿಸಿದವರ ಅಡ್ರೆಸ್ ಆ ಪ್ಯಾಕೆಟ್ ಮೇಲೇ ಇರುತ್ತದೆ. ಮಾತಾಡಬೇಕಾದರೆ ಇಬ್ಬರೂ ಒಂದೇ ಸಬ್‌ನೆಟ್‌ನಲ್ಲಿರಬೇಕು. ಕದ್ದು ಕೇಳಿಸಿಕೊಳ್ಳಲು ಅದೇನೂ ಬೇಕಿಲ್ಲ, ಒಂದೇ ವೈರ್‌ನಲ್ಲಿದ್ದರೆ ಸಾಕು.

ವೈರ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ಎಂಬ ತಂತ್ರಾಂಶ ಹಾಕಿಕೊಂಡು ಕೇಬಲ್‌ನ ಇಂಟರ್‌ಫೇಸ್ ಆರಿಸಿ. ಕ್ಯಾಪ್ಚರ್ ಶುರು ಮಾಡಿದ ಮೇಲೆ ರೌಟರ್ ಆನ್ ಮಾಡಿ. ನಡುವೆ ಒಂದು ಸಣ್ಣ ನೆಟ್‌ವರ್ಕ್ ಸ್ವಿಚ್ (ಹಲವು ಕೇಬಲ್ ಕೂಡಿಸುವ ಪೆಟ್ಟಿಗೆ) ಇದ್ದರೆ ಒಳ್ಳೆಯದು, ರೌಟರ್ ಆಫ್ ಆದಾಗಲೂ ಲ್ಯಾಪ್‌ಟಾಪ್‌ನ ಲಿಂಕ್ ಕಡಿಯುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ಪೂ ಗಲಾಟೆ ಮಾಡುತ್ತಿರುತ್ತದೆ. 169.254 ಸಾಲುಗಳನ್ನು ಬಿಟ್ಟು ಬೇರೆ ಮ್ಯಾಕ್ ಅಡ್ರೆಸ್ (ಸಾಧನದ ಹಾರ್ಡ್‌ವೇರ್ ಗುರುತು) ಇರುವ ಸಾಲನ್ನು ಹುಡುಕಿ.

ಸ್ವಲ್ಪ ಹೊತ್ತು ಕಾದೆ. ಕೊನೆಗೆ ಒಂದು ಸಾಲು ಬಂತು. ಕಳಿಸಿದವರು: 192.168.1.250.

ಆಗ ಅರ್ಥವಾಯಿತು. ನಾನು ಮಾಡಲು ಹೊರಟಿದ್ದನ್ನೇ ಆ ಕೇಬಲ್ ಹುಡುಗ ಮಾವನ ಮನೆಯಲ್ಲಿ ಮಾಡಿದ್ದ! ಇದನ್ನು ಎರಡನೇ ವೈಫೈ ಪೆಟ್ಟಿಗೆಯಾಗಿ ಇಟ್ಟು, ಮುಖ್ಯ ರೌಟರ್‌ಗೆ ಅಡ್ಡ ಬರದಿರಲಿ ಅಂತ ಡಿಎಚ್‌ಸಿಪಿ ಆಫ್ ಮಾಡಿ, ದೂರದ 250 ನಂಬರ್ ಕೊಟ್ಟಿದ್ದ. ಬರೆದಿಡಲಿಲ್ಲ, ಅಷ್ಟೇ.

ಲ್ಯಾಪ್‌ಟಾಪ್‌ಗೆ ಕೈಯಾರೆ 192.168.1.10, ಮಾಸ್ಕ್ 255.255.255.0 ಕೊಟ್ಟೆ. ಈ ಮಾಸ್ಕ್‌ನಲ್ಲಿ ಮೊದಲ ಮೂರು ಸಂಖ್ಯೆ ಬೀದಿ ಇದ್ದ ಹಾಗೆ, ನಾಲ್ಕನೆಯದು ಮನೆ ನಂಬರ್. ಬೀದಿ ಒಂದೇ ಇರಬೇಕು, ಮನೆ ನಂಬರ್ ಬೇರೆ ಇರಬೇಕು. ಗೇಟ್‌ವೇ ಖಾಲಿ ಬಿಡಬಹುದು. ಪುಟ ತೆರೆಯಿತು. ಪಾಸ್‌ವರ್ಡ್ ಕೇಳಿತು. 'ಅಡ್ಮಿನ್, ಅಡ್ಮಿನ್' ನಡೆಯಲಿಲ್ಲ.

ಕೊನೆಗೆ ರೀಸೆಟ್ಟೇ

ನಗಬೇಡಿ. ಆನ್ ಇರುವಾಗಲೇ ರೀಸೆಟ್ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿದೆ. ದೀಪಗಳೆಲ್ಲ ಒಟ್ಟಿಗೆ ಮಿನುಗಿದವು. ಐಪಿಕಾನ್ಫಿಗ್ ಕೊಡುವ ಮುಂಚೆ ಲ್ಯಾಪ್‌ಟಾಪನ್ನು ಮತ್ತೆ ತಾನಾಗಿ ಅಡ್ರೆಸ್ ಪಡೆಯುವಂತೆ ಇಡಬೇಕು, ನಾನು ಅದನ್ನೂ ಮರೆತಿದ್ದೆ. ಈ ಸಲ ಗೇಟ್‌ವೇ ಬಂತು: 192.168.0.1.

ಅಟ್ಟದಲ್ಲಿ ಬಿದ್ದಿದ್ದ ಪೆಟ್ಟಿಗೆಯಾದರೆ ಮೊದಲೇ ರೀಸೆಟ್ ಮಾಡಿ, ಕಳೆದುಕೊಳ್ಳುವುದು ಏನೂ ಇಲ್ಲ. ಈಗ ಇಂಟರ್ನೆಟ್ ಕೊಡುತ್ತಿರುವ ರೌಟರ್ ಆದರೆ ಮಾತ್ರ ಪಿನ್ ಮುಟ್ಟಬೇಡಿ. ಇಂಟರ್ನೆಟ್ ಕಂಪನಿಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತದೆ. ಬಿಎಸ್‌ಎನ್‌ಎಲ್ ಎಡಿಎಸ್‌ಎಲ್ ಮೋಡೆಮ್‌ಗಳಲ್ಲಿ ವಿಪಿಐ 0, ವಿಸಿಐ 35 ಅಂತ ಲೈನ್‌ನ ಸಂಖ್ಯೆಗಳನ್ನೂ ಮತ್ತೆ ತುಂಬಬೇಕಾಗುತ್ತಿತ್ತು.

ಸೆಟ್ಟಿಂಗ್‌ನಲ್ಲಿ ಕ್ರಮ ಮುಖ್ಯ

ರೀಸೆಟ್ ಆದ ರೌಟರನ್ನು ಹಾಗೇ ಮನೆ ಜಾಲಕ್ಕೆ ಸೇರಿಸಬೇಡಿ. ಅಡ್ರೆಸ್ ಹಂಚುವವರು ಇಬ್ಬರಾಗುತ್ತಾರೆ. ಅರ್ಧ ಮೊಬೈಲ್‌ಗೆ ಇಂಟರ್ನೆಟ್ ಇರುತ್ತದೆ, ಅರ್ಧಕ್ಕೆ ಇರುವುದಿಲ್ಲ. ಮೊದಲು ಲ್ಯಾಪ್‌ಟಾಪ್ ಜೊತೆ ಮಾತ್ರ ಇಟ್ಟುಕೊಂಡು ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ವೈಫೈ ಭದ್ರತೆಗೆ ಡಬ್ಲ್ಯುಪಿಎ2 ಮತ್ತು ಎಇಎಸ್ ಆರಿಸಿ. ಸುಲಭವಾಗಿ ಮುರಿಯಬಹುದಾದ ಹಳೇ ಡಬ್ಲ್ಯುಇಪಿ ಬೇಡವೇ ಬೇಡ. ಅದೊಂದೇ ಇರುವಷ್ಟು ಹಳೇ ರೌಟರ್ ಆದರೆ ವಾಪಸ್ ಅಟ್ಟಕ್ಕೆ ಇಡಿ. ಪಾಸ್‌ವರ್ಡ್ ಟೈಪ್ ಮಾಡದೆ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಆಫ್ ಮಾಡಿ.

ಆಮೇಲೆ ಲ್ಯಾನ್ ಅಡ್ರೆಸ್. ನಮ್ಮ ಮುಖ್ಯ ರೌಟರ್ 192.168.1.1, ಹಂಚುವುದು 100 ರಿಂದ ಮೇಲಿನವನ್ನು. ಹಾಗಾಗಿ ಇದಕ್ಕೆ 192.168.1.2 ಕೊಟ್ಟೆ. ಸೇವ್ ಒತ್ತಿದ ಕೂಡಲೇ ಪುಟ ನಿಂತುಬಿಡುತ್ತದೆ. ಗಾಬರಿ ಬೇಡ, ರೌಟರ್ ಮನೆ ಬದಲಾಯಿಸಿದೆ, ನೀವು ಹಳೇ ಬಾಗಿಲು ತಟ್ಟುತ್ತಿದ್ದೀರಿ. ಕೇಬಲ್ ಕಿತ್ತು ಹಾಕಿ ಹೊಸ ಅಡ್ರೆಸ್‌ನಲ್ಲಿ ತೆರೆಯಿರಿ. ಡಿಎಚ್‌ಸಿಪಿ ಆಫ್ ಮಾಡುವುದು ಎಲ್ಲಕ್ಕಿಂತ ಕೊನೆಗೆ.

ಈಗ ಮುಖ್ಯ ರೌಟರ್‌ನ ಲ್ಯಾನ್‌ನಿಂದ ಇದರ ಲ್ಯಾನ್‌ಗೆ ಕೇಬಲ್ ಎಳೆಯಿರಿ. ವ್ಯಾನ್ ಕಿಂಡಿ ಖಾಲಿ ಇರಲಿ. ಇದರ ಕಿಂಡಿಗಳು 100 ಎಂಬಿಪಿಎಸ್‌ನವು, ವೈಫೈ 2.4 ಗಿಗಾಹರ್ಟ್ಸ್ ಮಾತ್ರ. ತಂಗಿ ಆನ್‌ಲೈನ್ ಕ್ಲಾಸ್ ನೋಡುವುದಕ್ಕೆ ಸಾಕು.

ಕೊನೆಗೆ ಬ್ಯಾಂಡೇಜ್ ಪಟ್ಟಿಯ ಮೇಲೆ ಮಾರ್ಕರ್‌ನಲ್ಲಿ 192.168.1.2 ಅಂತ ಬರೆದು ರೌಟರ್ ಅಡಿಗೆ ಅಂಟಿಸಿದೆ.