ಗೇಟಿನವರೆಗೆ ಬಂದ ನೀರು: ಮಂಡ್ಯದ ಸರ್ಕಾರಿ ಶಾಲೆಗಳ ನಲವತ್ತು ವರ್ಷ

ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿಯಲ್ಲಿ, ನಾನು ಕೆಲವು ವರ್ಷ ಇದ್ದೆ. ಆ ಶಾಲೆಯಲ್ಲಿ ನೀರಿಗೆಂದೇ ಐದು ಏರ್ಪಾಟು ಇದ್ದವು. ಹಿಡಿ ಕಿತ್ತುಹೋದ ಬೋರಿಂಗು. ಬಿರುಕು ಬಿಟ್ಟ ಸಿಮೆಂಟಿನ ತೊಂಬೆ. ತಾರಸಿ ಮೇಲೊಂದು ಕಪ್ಪು ಸಿಂಟೆಕ್ಸ್. ವರಾಂಡದ ಗೋಡೆಯಲ್ಲಿ ದಾನಿಗಳ ಹೆಸರು ಬರೆದ ಫಿಲ್ಟರ್. ಗೇಟಿನ ಪಕ್ಕದಲ್ಲಿ ಹೊಸ ನಲ್ಲಿ. ಮಕ್ಕಳು ಮಾತ್ರ ಮನೆಯಿಂದ ತಂದ ಬಾಟಲಿ ನೀರು ಕುಡಿಯುತ್ತಿದ್ದರು. ಬಾಟಲಿ ತರದ ಮಕ್ಕಳು ಪಕ್ಕದವರ ಹತ್ತಿರ ಒಂದು ಗುಟುಕು ಕೇಳುತ್ತಿದ್ದರು.

ಈ ಐದೂ ಬೇರೆ ಬೇರೆ ಕಾಲದಲ್ಲಿ ಬಂದವು. ಬೇರೆ ಬೇರೆ ಯೋಜನೆ, ಬೇರೆ ಬೇರೆ ಲೆಕ್ಕದ ಪುಸ್ತಕ. ಶಾಲೆಯ ನೀರಿನ ವಿಷಯ ಇಷ್ಟು ಗೋಜಲಾಗಿದ್ದು ಹೇಗೆ ಅಂತ ತಿಳಿಯಬೇಕಾದರೆ ಇವು ಬಂದ ಕ್ರಮವನ್ನು ನೋಡಬೇಕು.

ಮಂಡ್ಯ ಅಂದರೆ ನೀರಿನ ಸೀಮೆ ಅಂತ ಎಲ್ಲರ ಲೆಕ್ಕ. 1911ರಲ್ಲಿ ಕೆಆರ್‌ಎಸ್ ಕಟ್ಟೆ ಕೆಲಸ ಶುರುವಾಯಿತು, 1930ರ ದಶಕದ ಆರಂಭಕ್ಕೆ ಮುಗಿಯಿತು. ವಿಶ್ವೇಶ್ವರಯ್ಯ ನಾಲೆ ಹರಿಯಿತು, ಭತ್ತ, ಕಬ್ಬು ಬಂತು. ಆದರೆ ನಾಲೆ ನೀರು ಗದ್ದೆಗೆ. ಕುಡಿಯುವುದಕ್ಕೆ ಊರ ಬಾವಿ, ಕಟ್ಟೆ, ಕೆರೆ. 1974ರಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಕಾವೇರಿ ನೀರು ಶುದ್ಧವಾಗಿ ಹೋಗುತ್ತಿದೆ. ಜಿಲ್ಲೆಯ ಹಳ್ಳಿ ಶಾಲೆಗಳಿಗೆ ಅಂಥ ನೀರು ತಲುಪುವ ಮಾತು ಶುರುವಾಗಿದ್ದು ತುಂಬಾ ತಡವಾಗಿ. ಬೆಂಗಳೂರಿನ ಮಕ್ಕಳೂ ನಮ್ಮ ಮಕ್ಕಳೇ. ಅವರಿಗೆ ನೀರು ಹೋಗಿದ್ದಕ್ಕೆ ನನಗೆ ಬೇಸರವಿಲ್ಲ. ಪೈಪು ಹಾದುಹೋಗುವ ದಾರಿಯ ಊರುಗಳನ್ನೂ ಅವತ್ತೇ ಲೆಕ್ಕಕ್ಕೆ ತಗೋಬಹುದಿತ್ತು ಅಲ್ವಾ, ಅಷ್ಟೇ.

ಅದಕ್ಕೂ ಹಿಂದೆ ಶಾಲೆಯಲ್ಲಿ ನೀರು ಅಂದರೆ ಒಂದು ಮಡಕೆ. ಅದನ್ನು ಯಾರು ಮುಟ್ಟಬಹುದು ಅನ್ನುವುದೇ ದೊಡ್ಡ ವಿಷಯ. 1910ರ ದಶಕದಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಶಾಲೆಗಳ ಬಾಗಿಲನ್ನು ದಲಿತ ಮಕ್ಕಳಿಗೂ ತೆರೆಯಿತು. ಬಾಗಿಲು ತೆರೆದಷ್ಟು ಬೇಗ ಮಡಕೆ ತೆರೆದುಕೊಳ್ಳಲಿಲ್ಲ. ಬೊಗಸೆ ಒಡ್ಡಿ, ಮೇಲಿನಿಂದ ಬೇರೆಯವರು ಹೊಯ್ದ ನೀರು ಕುಡಿದವರು ನಮ್ಮೂರಲ್ಲಿ ಇನ್ನೂ ಇದ್ದಾರೆ.

ಬೋರಿಂಗು ಬಂದಾಗ ಈ ಮುಟ್ಟುವ ಕಟ್ಟು ಸ್ವಲ್ಪ ಸಡಿಲವಾಯಿತು. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿಯಾದರು. ಅವರು ಗುಂಡ್ಲುಪೇಟೆಯವರು. ಆಗ ಅದು ಮೈಸೂರು ಜಿಲ್ಲೆಗೇ ಸೇರಿತ್ತು. ಬರಗಾಲದ ವರ್ಷಗಳು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದರು. ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. 1988ರಲ್ಲಿ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಇವತ್ತಿಗೂ ಅವರದೇ ಹೆಸರು.

ಆ ಕಾಲದ ಕೈಪಂಪಿನ ಹೆಸರು ಇಂಡಿಯಾ ಮಾರ್ಕ್ 2. ಊರಿನವರಿಗೆ ಅದು ಬರೀ ಬೋರಿಂಗು. ತೆರೆದ ಬಾವಿಗೆ ಮಳೆ ನೀರಿನ ಜೊತೆ ಎಲ್ಲ ಕೊಳೆಯೂ ಇಳಿಯುತ್ತಿತ್ತು. ಬೋರಿಂಗಿನಲ್ಲಿ ಆ ಭಯ ಕಡಿಮೆ. ಶಾಲೆಯ ಹತ್ತಿರ ಬೋರಿಂಗು ಇದ್ದರೆ ಅದೇ ಶಾಲೆಯ ನೀರು. ಒಬ್ಬ ಹುಡುಗ ಒತ್ತಬೇಕು, ಇನ್ನೊಬ್ಬ ಬೊಗಸೆ ಹಿಡಿಯಬೇಕು. ವಾಷರ್ ಸವೆದರೆ ತಾಲ್ಲೂಕಿನಿಂದ ಮೆಕ್ಯಾನಿಕ್ ಬರಬೇಕು. ಅವರು ಬರುವವರೆಗೆ ಮಕ್ಕಳು ಕಾಯಬೇಕು. ಶಾಲೆಯ ನೀರಿನ ಕಥೆಯಲ್ಲಿ ಈ ಕಾಯುವುದು ಅವತ್ತೇ ಶುರುವಾಯಿತು.

ಕೊಳವೆಬಾವಿ ಆಳಕ್ಕೆ ಹೋದ ಹಾಗೆ ಬೇರೆ ತೊಂದರೆ ಬಂತು. ಆಳದ ಕಲ್ಲಿನ ಪದರಗಳಲ್ಲಿ ಫ್ಲೋರೈಡ್ ಇರುತ್ತದೆ. ನಾಗಮಂಗಲದ ಕಡೆಯ ಒಣಭೂಮಿಯಲ್ಲಿ ಇದರ ಕಾಟ. ಒಂದು ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ದೇಶದ ಕುಡಿಯುವ ನೀರಿನ ಮಾನದಂಡ. ಹಲ್ಲು ಕಟ್ಟುವ ವಯಸ್ಸಿನಲ್ಲಿ ಜಾಸ್ತಿ ಫ್ಲೋರೈಡ್ ಹೊಟ್ಟೆಗೆ ಹೋದರೆ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಮೂಡುತ್ತದೆ. ಅದು ಉಜ್ಜಿದರೆ ಹೋಗುವುದಿಲ್ಲ. ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಗುವುದನ್ನು ಕಲಿಯುತ್ತಾರೆ. ಇನ್ನು ನಾಲೆ ಬಯಲಿನ ಊರುಗಳಲ್ಲಿ ನೈಟ್ರೇಟ್. ಗದ್ದೆಗೆ ಹಾಕಿದ ಯೂರಿಯಾ, ಕೊಟ್ಟಿಗೆಯ ಗಂಜಲ, ಚರಂಡಿ, ಶೌಚದ ಗುಂಡಿ ಎಲ್ಲದರಿಂದ ಇಳಿದು ಅಂತರ್ಜಲ ಸೇರುತ್ತದೆ. ಇದಕ್ಕೆ ಮಿತಿ 45 ಮಿಲಿಗ್ರಾಂ. ಇವೆರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ‘ಕಾಯಿಸಿ ಆರಿಸಿ ಕುಡಿಯಿರಿ’ ಅನ್ನುವ ಗೋಡೆಬರಹ ರೋಗಾಣುವಿಗೆ ಸರಿ, ಇದಕ್ಕಲ್ಲ.

1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಊರ ನೀರು ಗ್ರಾಮ ಪಂಚಾಯತಿಯ ಕೆಲಸವಾಯಿತು. ಬೋರ್‌ವೆಲ್ಲಿಗೆ ಮೋಟರು, ಮೋಟರಿನಿಂದ ತೊಂಬೆಗೆ, ತೊಂಬೆಯಿಂದ ಶಾಲೆಗೆ ಒಂದು ಪೈಪು. ನೀರು ಬಿಡುವವರು ನೀರುಗಂಟಿ. ಅವರು ಪಂಚಾಯತಿಯವರು. ಶಾಲೆ ಶಿಕ್ಷಣ ಇಲಾಖೆಯದು. ಕರೆಂಟು ಬಂದಾಗ ನೀರು, ನೀರು ಬಂದಾಗ ಶಾಲೆಗೆ ಬೀಗ.

2003ರ ಹೊತ್ತಿಗೆ ಅಕ್ಷರ ದಾಸೋಹ ರಾಜ್ಯದ ಎಲ್ಲ ಕಡೆಗೂ ಬಂತು. ಅಕ್ಕಿ ತೊಳೆಯಬೇಕು, ಬೇಳೆ ಬೇಯಿಸಬೇಕು, ತಟ್ಟೆ ತೊಳೆಯಬೇಕು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯಿತು. 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿ ಹಾಲು. ಅದರಲ್ಲಿ ಪುಡಿ ಒಳ್ಳೆಯದಿದ್ದರೆ ಸಾಲದು, ನೀರೂ ಒಳ್ಳೆಯದಿರಬೇಕು. ಶಾಲೆಗೆ ಬೇಕಾದ ನೀರು ಏಕಾಏಕಿ ಜಾಸ್ತಿಯಾಯಿತು. ಅದನ್ನು ಹೊತ್ತು ತಂದವರು ಅಡುಗೆಯ ಅಮ್ಮಂದಿರು. ಯಾವ ಯೋಜನೆಯ ಪುಸ್ತಕದಲ್ಲೂ ಆ ಕೊಡಗಳ ಲೆಕ್ಕವಿಲ್ಲ.

ಕಾನೂನು ತಡವಾಗಿ ಬಂದರೂ ಗಟ್ಟಿಯಾಗಿಯೇ ಬಂತು. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಎಲ್ಲ ಮಕ್ಕಳಿಗೂ ಸುರಕ್ಷಿತವಾದ, ಸಾಕಷ್ಟು ಕುಡಿಯುವ ನೀರು ಇರಲೇಬೇಕು ಅಂತ ಇದೆ. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಆರು ತಿಂಗಳೊಳಗೆ ಎಲ್ಲ ಶಾಲೆಗಳಿಗೂ ಕುಡಿಯುವ ನೀರು ಮತ್ತು ಶೌಚಾಲಯ ಕೊಡಿ ಎಂದು ರಾಜ್ಯಗಳಿಗೆ ಹೇಳಿತು. ನೀರು, ಶೌಚಾಲಯ ಎರಡನ್ನೂ ಒಟ್ಟಿಗೆ ಹೇಳಿದ್ದು ಸುಮ್ನೆ ಅಲ್ಲ. ಶೌಚಾಲಯ ಸರಿಯಿಲ್ಲದ ಶಾಲೆಯಲ್ಲಿ ಹೆಣ್ಣುಮಕ್ಕಳು ಬೆಳಗ್ಗೆಯಿಂದ ನೀರೇ ಮುಟ್ಟುವುದಿಲ್ಲ. 2019ರಲ್ಲಿ ಕೇರಳ ನೋಡಿ ನಮ್ಮಲ್ಲೂ ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ ‘ವಾಟರ್ ಬೆಲ್’ ಹೊಡೆಯುವ ತೀರ್ಮಾನವಾಯಿತು. ಗಂಟೆ ಹೊಡೆದಾಗ ಬಾಟಲಿ ಎತ್ತಿ ಬಾಯಿಗಿಟ್ಟು ಹಾಗೇ ಕೆಳಗಿಟ್ಟ ಏಳನೇ ತರಗತಿಯ ಹುಡುಗಿಯರನ್ನು ನಾನೇ ನೋಡಿದ್ದೇನೆ.

ಕಾನೂನು ಬಂದ ಮೇಲೆ ಲೆಕ್ಕ ಕೊಡಬೇಕು. ಆ ಲೆಕ್ಕದ ಹೆಸರು ಯು-ಡೈಸ್, ದೇಶದ ಎಲ್ಲ ಶಾಲೆಗಳ ಮಾಹಿತಿ ಸೇರಿಸುವ ಸರ್ಕಾರಿ ಪಟ್ಟಿ. ಕುಡಿಯುವ ನೀರು ಇದೆಯೇ, ಇಲ್ಲವೇ ಅಂತ ಅದರಲ್ಲಿ ತುಂಬಬೇಕು. ಆ ಮಾಹಿತಿ ಬಹುಕಾಲ ಸೆಪ್ಟೆಂಬರ್ 30ಕ್ಕೆ ಇದ್ದಂತೆ ಕೊಡಬೇಕಾಗಿತ್ತು. ಸೆಪ್ಟೆಂಬರ್ ಕೊನೆ ಅಂದರೆ ನಮ್ಮ ಕಡೆ ಕೆರೆಕಟ್ಟೆಗಳಲ್ಲಿ ನೀರಿರುವ ಕಾಲ. ಬೋರ್‌ವೆಲ್ ಕೂಡ ಎತ್ತುತ್ತದೆ. ಮಾರ್ಚಿನಲ್ಲಿ ಪರೀಕ್ಷೆ ಬರೆಯುವ ಮಕ್ಕಳ ಬಾಯಾರಿಕೆ ಆ ಪಟ್ಟಿಗೆ ಸೇರುವುದಿಲ್ಲ. ಹೆಡ್‌ ಮೇಷ್ಟ್ರು ‘ಇದೆ’ ಅಂತ ಬರೆದರೆ ಅದು ಸುಳ್ಳೂ ಅಲ್ಲ.

ಫಿಲ್ಟರ್ ಕಾಲವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

2013ರ ನಂತರ ರಾಜ್ಯದಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಸಾವಿರಗಟ್ಟಲೆ ಎದ್ದವು. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಹಳ್ಳಿಗೆ ಇದು ನಿಜವಾಗಿಯೂ ದೊಡ್ಡ ಉಪಕಾರ. ಘಟಕ ಬಂದ ಮೇಲೆ ಊರವರ ನಾಲಿಗೆ ಬದಲಾಯಿತು. ಬೋರ್ ನೀರು ಗಡಸು, ಉಪ್ಪು ಅನಿಸತೊಡಗಿತು. ಮನೆಯಲ್ಲಿ ಕ್ಯಾನ್ ನೀರು ಕುಡಿದ ಮಗು ಶಾಲೆಯಲ್ಲಿ ಸಿಂಟೆಕ್ಸ್ ನೀರು ಕುಡಿಯಲಿಲ್ಲ. ಹಾಗಾಗಿ ಶಾಲೆಗೂ ಫಿಲ್ಟರ್ ಬೇಕು ಅನ್ನುವ ಮಾತು ಎದ್ದಿತು. ಕಂಪನಿಗಳು, ಸಂಘ ಸಂಸ್ಥೆಗಳು, ಹಳೆಯ ವಿದ್ಯಾರ್ಥಿಗಳು ಕೊಡಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕೊಡಿಸಿದರು.

ನಮ್ಮ ಶಾಲೆಗೂ ಒಂದು ಬಂತು. ಟೇಪು ಕತ್ತರಿಸಿದ ದಿನ ಮಕ್ಕಳು ಸಾಲಾಗಿ ನಿಂತು ಎರಡೆರಡು ಲೋಟ ಕುಡಿದರು. ಆಮೇಲೆ ಸುಮಾರು ಎಂಟು ತಿಂಗಳು ಅದು ಚೆನ್ನಾಗಿ ನಡೆಯಿತು. ಅದು ಆರ್‌ಒ ಯಂತ್ರ. ಮೊದಲ ಕ್ಯಾಂಡಲ್ ಮಣ್ಣು ತಡೆಯುತ್ತದೆ. ಎರಡನೆಯದರಲ್ಲಿ ಇದ್ದಿಲು. ಆಮೇಲೆ ಪೊರೆ. ಒತ್ತಡದಲ್ಲಿ ನೀರು ಪೊರೆ ದಾಟುತ್ತದೆ, ಫ್ಲೋರೈಡ್, ನೈಟ್ರೇಟ್, ಉಪ್ಪುಗಳ ಬಹುಪಾಲು ಇನ್ನೊಂದು ಪೈಪಿನಲ್ಲಿ ಹೊರಗೆ ಹೋಗುತ್ತವೆ. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೀಗೆ ಹೊರಗೆ ಹರಿಯುತ್ತದೆ. ನಮ್ಮ ಕಡೆಯ ಗಡಸು ನೀರಿಗೆ ಪೊರೆಯ ಮೇಲೆ ಸುಣ್ಣದಂಥ ಪದರ ಬೇಗ ಕಟ್ಟುತ್ತದೆ. ಕ್ಯಾಂಡಲ್ ಆಗಾಗ ಬದಲಿಸಬೇಕು. ಪೊರೆ ಹೋದರೆ ಖರ್ಚು ಸಾವಿರಗಳಲ್ಲಿ.

ಆ ಖರ್ಚು ಯಾರದು? ಕೊಟ್ಟವರು ಯಂತ್ರ ಕೊಟ್ಟಿದ್ದರು, ನಿರ್ವಹಣೆಯ ಮಾತು ಒಂದು ವರ್ಷಕ್ಕೆ ಇತ್ತು. ಪಂಚಾಯತಿಯ ಪಟ್ಟಿಯಲ್ಲಿ ಆ ಯಂತ್ರವೇ ಇಲ್ಲ. ಉಳಿದದ್ದು ಶಾಲಾ ಅನುದಾನ. 31ರಿಂದ 100 ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 25,000 ರೂಪಾಯಿ. ಅದರಲ್ಲೇ ಸೀಮೆಸುಣ್ಣ, ರಿಜಿಸ್ಟರು, ಒಡೆದ ಹೆಂಚು, ಕಿಟಕಿ, ಪೊರಕೆ, ಫಿನಾಯಿಲ್. ಸಭೆಯಲ್ಲಿ ನಾವು ಪೊರೆಗೆ ದುಡ್ಡು ಇಡೋಣ ಅಂದಾಗ ಮೇಷ್ಟ್ರು ಸುಮ್ಮನೆ ಖರ್ಚಿನ ಪುಸ್ತಕ ತಿರುಗಿಸಿ ನಮ್ಮ ಮುಂದಿಟ್ಟರು. ಮಳೆಗಾಲಕ್ಕೆ ಮುಂಚೆ ಸೋರುವ ಚಾವಣಿ ಆಗಬೇಕಿತ್ತು. ನಾವೂ ಚಾವಣಿಗೇ ಕೈ ಎತ್ತಿದೆವು. ಅವತ್ತಿನ ತೀರ್ಮಾನ ತಪ್ಪು ಅಂತ ಇವತ್ತಿಗೂ ನನಗೆ ಅನಿಸುವುದಿಲ್ಲ. ಆದರೆ ಯಂತ್ರ ನಿಂತಿದ್ದು ಅವತ್ತೇ.

ಇನ್ನೊಂದು ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಫಿಲ್ಟರ್‌ಗಳೆಲ್ಲ ಒಂದೇ ಅಲ್ಲ. ಯುವಿ ಯಂತ್ರ ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುತ್ತದೆ, ಫ್ಲೋರೈಡ್ ತೆಗೆಯುವುದಿಲ್ಲ. ಫ್ಲೋರೈಡ್ ಇರುವ ಊರಿನ ಶಾಲೆಗೆ ಯುವಿ ಕೊಟ್ಟರೆ ಪ್ರಯೋಜನ ಅರ್ಧ. ರೋಗಾಣು ಮಾತ್ರ ಇರುವ ಊರಿಗೆ ಆರ್‌ಒ ಕೊಟ್ಟರೆ ನೀರು ದಂಡ. ಮೊದಲು ನೀರು ಪರೀಕ್ಷೆ, ಆಮೇಲೆ ಯಂತ್ರ ಆಗಬೇಕಿತ್ತು. ಹೆಚ್ಚಿನ ಕಡೆ ಯಂತ್ರ ಮೊದಲು ಬಂತು.

ನಂತರದ್ದು ಗೇಟಿನ ಪಕ್ಕದ ನಲ್ಲಿ. 2019ರ ಆಗಸ್ಟ್ 15ರಂದು, ಹಳ್ಳಿಯ ಪ್ರತಿ ಮನೆಗೂ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲಜೀವನ್ ಮಿಷನ್ ಘೋಷಣೆಯಾಯಿತು. ತಲಾ ದಿನಕ್ಕೆ 55 ಲೀಟರ್ ಗುರಿ. ನಮ್ಮ ರಾಜ್ಯದಲ್ಲಿ ಇದಕ್ಕೆ ‘ಮನೆ ಮನೆಗೆ ಗಂಗೆ’ ಎಂದು ಹೆಸರಿಟ್ಟರು. 2020ರ ಅಕ್ಟೋಬರ್ 2ರಂದು ಶಾಲೆ, ಅಂಗನವಾಡಿಗಳಿಗೆಂದೇ 100 ದಿನದ ಅಭಿಯಾನ ಶುರುವಾಯಿತು. ಆಗ ಕೊರೊನಾ ಕಾಲ. ಶಾಲೆಗಳಲ್ಲಿ ಮಕ್ಕಳಿರಲಿಲ್ಲ. ಒಂದರಿಂದ ಐದನೇ ತರಗತಿ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಎಷ್ಟೋ ಕಡೆ ನಲ್ಲಿ ಕೂರಿಸಿದ್ದು ಖಾಲಿ ಶಾಲೆಗೆ. ಮಕ್ಕಳ ಕೈ ಎಷ್ಟು ಎತ್ತರಕ್ಕೆ ಎಟುಕುತ್ತದೆ, ಊಟದ ಹೊತ್ತಿಗೆ ಎಷ್ಟು ನಲ್ಲಿ ಬೇಕು ಅಂತ ನೋಡಲು ಮಕ್ಕಳೇ ಇರಲಿಲ್ಲ.

ಆದರೂ ಹಿಂದಿನ ನಾಲ್ಕಕ್ಕಿಂತ ಇದು ದೊಡ್ಡ ಹೆಜ್ಜೆ. ಹಲವು ಊರಿಗೆ ಒಂದೇ ಕಡೆಯಿಂದ ನೀರು ಕೊಡುವ ಬಹುಗ್ರಾಮ ಯೋಜನೆ ಮುಟ್ಟಿದ ಊರುಗಳಲ್ಲಿ ಶುದ್ಧಮಾಡಿದ ನದಿ ನೀರು ಬರುತ್ತಿದೆ. 2023ರ ನವೆಂಬರ್ 1ರಂದು ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ರಾಜ್ಯ ಸರ್ಕಾರ ಘೋಷಿಸಿತು. ಬಿಲ್ಲಿನ ಭಯ ತಪ್ಪಿದರೆ ಅದು ಸಣ್ಣ ವಿಷಯವಲ್ಲ.

ಸಿಕ್ಕು ಉಳಿದಿರುವುದು ಹೊತ್ತಿನಲ್ಲಿ. ನಮ್ಮೂರಲ್ಲಿ ನೀರು ಬಿಡುವುದು ಬೆಳಗ್ಗೆ ಆರರಿಂದ ಏಳೂವರೆ. ಶಾಲೆ ತೆರೆಯುವುದು ಒಂಬತ್ತರ ಮೇಲೆ. ಹಾಗಾಗಿ ಬಂದ ನೀರನ್ನು ಹಿಡಿದಿಡಬೇಕು. ಹಿಡಿದಿಡಲು ಮತ್ತದೇ ಸಿಂಟೆಕ್ಸ್. ದೂರದ ಸ್ಥಾವರದಲ್ಲಿ ಶುದ್ಧವಾದ ನೀರು ಮುಚ್ಚಳ ಹಾರಿಹೋದ ಟ್ಯಾಂಕಿಗೆ ಬೀಳುತ್ತದೆ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತಾರೆ. ಬಿಸಿಲಲ್ಲಿ ನಿಂತ ಟ್ಯಾಂಕಿನಲ್ಲಿ ಅದು ಬೇಗ ಕರಗುತ್ತದೆ. ದಸರಾ ರಜೆಯಲ್ಲಿ, ಬೇಸಿಗೆ ರಜೆಯಲ್ಲಿ ಅದೇ ನೀರು ವಾರಗಟ್ಟಲೆ ನಿಂತಿರುತ್ತದೆ. ಪೈಪು ಒಡೆದ ಕಡೆ ಚರಂಡಿ ಸೇರಿದರೆ ಏನಾಗುತ್ತದೆ ಅನ್ನುವುದನ್ನು 2024ರ ಮೇ ತಿಂಗಳಲ್ಲಿ ಮೈಸೂರು ಪಕ್ಕದ ಕೆ. ಸಾಲುಂಡಿಯಲ್ಲಿ ಕಂಡೆವು. ಕಲುಷಿತ ನೀರು ಕುಡಿದು ಊರಿನ ಹಲವರು ವಾಂತಿ ಭೇದಿಗೆ ಬಿದ್ದರು, ಒಬ್ಬ ಯುವಕನ ಜೀವ ಹೋಯಿತು. ನಗರದ ಸೆರಗಿನಲ್ಲೇ ಇರುವ ಊರು ಅದು.

ಟ್ಯಾಂಕು ತೊಳೆಯಲು ನಮ್ಮ ಶಾಲೆಯಲ್ಲಿ ಯಾರೂ ಇಲ್ಲ. ಜವಾನರ ಹುದ್ದೆ ಇಲ್ಲ. ಮಕ್ಕಳನ್ನು ತಾರಸಿ ಹತ್ತಿಸುವಂತಿಲ್ಲ, ಹತ್ತಿಸಲೂಬಾರದು. ನೀರುಗಂಟಿಯ ಕೆಲಸ ಗೇಟಿನವರೆಗೆ. ಮೇಷ್ಟ್ರ ಕೆಲಸ ಪಾಠ. ಅಡುಗೆಯವರಿಗೆ ಅಡುಗೆಗೆ ಮಾತ್ರ ಗೌರವಧನ.

ಒಂದು ವರ್ಷ ಮಾತ್ರ ನಮ್ಮಲ್ಲಿ ಎಲ್ಲ ಸರಿಯಾಗಿತ್ತು. ಅಡುಗೆಯ ಅಮ್ಮ ಒಬ್ಬರ ಮನೆ ಶಾಲೆಯ ಎದುರಿಗೇ ಇತ್ತು. ನೀರು ಬಿಟ್ಟ ಸದ್ದು ಕೇಳಿದರೆ ಬಂದು ಗೇಟು ತೆಗೆದು ನಲ್ಲಿ ತಿರುಗಿಸುತ್ತಿದ್ದರು. ಮೊದಲ ನೀರು ಗಿಡಕ್ಕೆ ಬಿಟ್ಟು, ತಿಳಿಯಾದ ಮೇಲೆ ಟ್ಯಾಂಕಿಗೆ ಹರಿಸುತ್ತಿದ್ದರು. ತಿಂಗಳಿಗೊಮ್ಮೆ ಅವರ ಮಗ ಟ್ಯಾಂಕು ತೊಳೆದು ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದ. ಆ ವರ್ಷ ಮಕ್ಕಳು ಬಾಟಲಿ ತರುವುದನ್ನೇ ಬಿಟ್ಟರು. ನಾವು ಅವರಿಗೆ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ, ಕೊಡಲು ಖರ್ಚಿನ ಪುಸ್ತಕದಲ್ಲಿ ಯಾವ ತಲೆಬರಹವೂ ಸಿಗಲಿಲ್ಲ. ಮಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು, ಅವರೂ ಅವನ ಜೊತೆ ಹೋದರು. ಹೋಗುವ ದಿನ ಗೇಟಿನ ಬೀಗದ ಕೈ ತಂದು, ಇದನ್ನ ಯಾರಿಗೆ ಕೊಡಲಿ ಅಂತ ಕೇಳಿದರು. ನಾನೇ ಇಸ್ಕೊಂಡೆ. ನನ್ನ ಮನೆ ಶಾಲೆಯಿಂದ ಎರಡು ಕಿಲೋಮೀಟರ್.